ಒಂದೇ ಸ್ಕ್ಯಾನ್, ಎರಡು ನಕ್ಷೆ: ಮಿದುಳಿನ ರಕ್ತದ ಹರಿವಿನ ಎಂಆರ್‌ಐನಲ್ಲಿ ತಪ್ಪು ಹುಡುಕುವ ಬಗೆ

ದೂರು ಬಹುತೇಕ ಒಂದೇ ಥರ ಬರುತ್ತದೆ. ಶಿವಮೊಗ್ಗದಲ್ಲಿ ಪರ್ಫ್ಯೂಷನ್ (ಮಿದುಳಿನ ರಕ್ತದ ಹರಿವು ಅಳೆಯುವ) ಸ್ಕ್ಯಾನ್ ಆಗಿದೆ, ಯಂತ್ರದ ಜೊತೆ ಬಂದ ಸಾಫ್ಟ್‌ವೇರ್ ಒಂದು ನಕ್ಷೆ ಕೊಟ್ಟಿದೆ. ರೋಗಿ ಮಣಿಪಾಲಕ್ಕೋ ಬೆಂಗಳೂರಿಗೋ ಹೋದಾಗ ಅದೇ ಸಿಡಿಯನ್ನು ಅಲ್ಲಿನ ಸಾಫ್ಟ್‌ವೇರ್‌ಗೆ ಹಾಕಿದರೆ ನಕ್ಷೆಯೇ ಬೇರೆ. ಇಲ್ಲಿ ಎಡಭಾಗದಲ್ಲಿ ಅಂಗೈಯಗಲ ಕೆಂಪು (ರಕ್ತ ಸರಿಯಾಗಿ ತಲುಪದ ಜಾಗ), ಅಲ್ಲಿ ಹೆಬ್ಬೆರಳಿನಷ್ಟು. ಕೂಡಲೇ ಪ್ರಶ್ನೆ ಏಳುತ್ತದೆ: ಯಾವ ಸಾಫ್ಟ್‌ವೇರ್ ತಗೊಳ್ಳೋದು ಒಳ್ಳೇದು?

ಆ ಪ್ರಶ್ನೆ ಕೊನೆಗಿರಲಿ. ಸಾಫ್ಟ್‌ವೇರ್ ಲೆಕ್ಕ ತಪ್ಪುವುದು ಕಡಿಮೆ. ಲೆಕ್ಕಕ್ಕೆ ಸೇರಿದ ಯಾವುದೋ ಒಂದು ಸಂಖ್ಯೆ ತಪ್ಪಿರುವುದೇ ಹೆಚ್ಚು. ಹಾಗಾಗಿ ಫೈಲಿನಿಂದ ಶುರುಮಾಡಿ ನಕ್ಷೆಯವರೆಗೆ ಒಂದೊಂದೇ ಮೆಟ್ಟಿಲು ನೋಡಬೇಕು. ಹಾಗೆ ನೋಡಲು ಬಿಡದ, ಒಳಗೇನಾಯಿತೆಂದು ತೋರಿಸದೆ ಬರೀ ಬಣ್ಣದ ಚಿತ್ರ ಉಗುಳುವ ಸಾಫ್ಟ್‌ವೇರ್ ಎಷ್ಟೇ ದುಬಾರಿಯಾದರೂ ತಪ್ಪು ಹುಡುಕಲು ಕೆಲಸಕ್ಕೆ ಬರುವುದಿಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಸ್ಟ್ರೋಕ್ ಆಗಿ ನಾಲ್ಕೂವರೆ ಗಂಟೆಯೊಳಗೆ ಬಂದ ರೋಗಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ತೀರ್ಮಾನಕ್ಕೆ ಪರ್ಫ್ಯೂಷನ್ ನಕ್ಷೆ ಬೇಕಿಲ್ಲ. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬರುವಷ್ಟರಲ್ಲೇ ಅರ್ಧ ಹೊತ್ತು ಕಳೆದಿರುತ್ತದೆ. ನಕ್ಷೆ ಸರಿಮಾಡುತ್ತ ಕೂರುವ ಕೆಲಸ ಆಮೇಲಿನದು.

ಮೊದಲು ಫೈಲು ಎಣಿಸಿ

ಕಾಂಟ್ರಾಸ್ಟ್ ಕೊಟ್ಟು ಮಾಡುವ ಡಿಎಸ್‌ಸಿ ಸ್ಕ್ಯಾನ್‌ನಲ್ಲಿ ಮಿದುಳಿನ 20 ಸ್ಲೈಸ್ (ಅಡ್ಡ ಪದರ), 60 ಸಲ ತೆಗೆದಿದ್ದರೆ 1,200 ಚಿತ್ರ ಇರಬೇಕು. ಸಿಡಿಯಲ್ಲಿ 1,187 ಇದ್ದರೆ 13 ಎಲ್ಲೋ ಉದುರಿವೆ. ಮಳೆಗಾಲದಲ್ಲಿ ಕಾಪಿ ಆಗುತ್ತಿರುವಾಗ ಕರೆಂಟ್ ಹೋಗಿ, ಮತ್ತೆ ಬಂದಾಗ ಯಾರೂ ಪರೀಕ್ಷಿಸದೆ ಸಿಡಿ ಕವರಿಗೆ ಹಾಕಿರುತ್ತಾರೆ. ಕೆಲವು ಸಾಫ್ಟ್‌ವೇರ್ ಇಂಥದ್ದಕ್ಕೆ ಕೆಂಪು ಅಕ್ಷರದಲ್ಲಿ ಬೈಯುತ್ತವೆ. ಕೆಲವು ತೆಪ್ಪಗೆ ಮುಂದಿನ ಚಿತ್ರಗಳನ್ನು ಒಂದು ಸ್ಥಾನ ಹಿಂದೆ ಎಳೆದುಕೊಂಡು ನಕ್ಷೆ ಮಾಡಿಬಿಡುತ್ತವೆ. ಎರಡನೆಯದೇ ಅಪಾಯ.

ಎಣಿಕೆ ಹೊಂದದಿದ್ದರೆ ಕೂಡಲೇ ಗಾಬರಿ ಬೇಡ. ಸೀಮೆನ್ಸ್‌ನ ಮೊಸಾಯಿಕ್ ರೂಪದಲ್ಲಿ ಒಂದು ಸಲದ ಎಲ್ಲ ಸ್ಲೈಸ್‌ಗಳೂ ಒಂದೇ ಫೈಲಿನಲ್ಲಿರುತ್ತವೆ, ಆಗ 60 ಫೈಲು ಬಂದರೆ ಸರಿ. ಎನ್‌ಹಾನ್ಸ್‌ಡ್ ಡೈಕಾಮ್ (ಸ್ಕ್ಯಾನ್ ಚಿತ್ರಗಳ ಒಂದು ಫೈಲ್ ರೂಪ) ಆದರೆ ಇಡೀ ಸಿರೀಸ್ ಒಂದೇ ಫೈಲು. ಒಟ್ಟು ಗಾತ್ರದಿಂದಲೂ ಅಂದಾಜು ಸಿಗುತ್ತದೆ: 128 ಗುಣಿಸು 128, 20 ಸ್ಲೈಸ್, 60 ಸಲ, ಪ್ರತಿ ಬಿಂದುವಿಗೆ 2 ಬೈಟ್ ಅಂದರೆ ಸುಮಾರು 39 ಎಂಬಿ. ಬಂದಿರುವುದು 5 ಎಂಬಿ ಇದ್ದರೆ ಅದು ಕಚ್ಚಾ ಡೇಟಾ ಅಲ್ಲ, ಇಲ್ಲವೇ ಗುಣಮಟ್ಟ ಕಳೆಯುವಂತೆ ಕುಗ್ಗಿಸಿದ ಪ್ರತಿ.

ಇನ್ನೊಂದು ಪದೇ ಪದೇ ಆಗುವ ಎಡವಟ್ಟು ಬಣ್ಣದ ನಕ್ಷೆಯನ್ನೇ ಡೇಟಾ ಎಂದು ಕಳಿಸುವುದು. ಅದರ ಮೇಲೆ ಮೌಸ್ ಇಟ್ಟರೆ 0ಯಿಂದ 255ರ ಒಳಗಿನ ಮೂರು ಮೂರು ಸಂಖ್ಯೆ ಕಾಣುತ್ತವೆ. ಅದು ಬಣ್ಣದ ಲೆಕ್ಕ, ರಕ್ತದ ಲೆಕ್ಕವಲ್ಲ. ಅದನ್ನು ಇನ್ನೊಂದು ಸಾಫ್ಟ್‌ವೇರ್‌ಗೆ ಹಾಕಿ ಹೋಲಿಸುವುದು, ಹಣ್ಣಿನ ಫೋಟೋ ತೂಗಿ ಹಣ್ಣಿನ ತೂಕ ಹೇಳಿದಂತೆ.

ಹೆಸರು ಅಳಿಸುವ ಹಂತದಲ್ಲೂ ನಷ್ಟವಾಗುತ್ತದೆ. ಹೆಸರು, ವಯಸ್ಸಿನ ಜೊತೆಗೆ ಯಂತ್ರದ ಕಂಪನಿ ಹೆಡರ್‌ನಲ್ಲಿ (ಚಿತ್ರದ ಜೊತೆಗಿನ ಮಾಹಿತಿಯಲ್ಲಿ) ಬರೆದಿಟ್ಟ ಖಾಸಗಿ ಟ್ಯಾಗ್‌ಗಳನ್ನೂ ಒರೆಸಿಹಾಕುವ ಸಾಧನ ಬಳಸಿದರೆ ಫಿಲಿಪ್ಸ್ ಚಿತ್ರಗಳಲ್ಲಿ ಸಿಗ್ನಲ್‌ನ ಅಳತೆಪ್ರಮಾಣವೂ ಹೋಗಿಬಿಡುತ್ತದೆ. ಒರೆಸುವ ಮುಂಚಿನ ಪ್ರತಿಯನ್ನು ಸೆಂಟರ್‌ನಲ್ಲೇ ಉಳಿಸಿಕೊಂಡಿರಬೇಕು. ಸಂಶೋಧನಾ ಸಾಫ್ಟ್‌ವೇರ್ ಓದುವ ನಿಫ್ಟಿ ರೂಪಕ್ಕೆ ಬದಲಿಸಲು ಡಿಸಿಎಂ2ನಿಕ್ಸ್ ಎಂಬ ಸಾಧನ ಸಾಕು. ಪಕ್ಕದಲ್ಲೇ ಅದು ಬರೆಯುವ, ಸ್ಕ್ಯಾನ್‌ನ ಸೆಟ್ಟಿಂಗ್‌ಗಳಿರುವ ಜೇಸನ್ ಫೈಲು ಎಸೆಯಬೇಡಿ, ಮುಂದಿನ ಅರ್ಧ ವಿಚಾರಣೆ ಅದರ ಮೇಲೆಯೇ ನಡೆಯುವುದು.

ನಕ್ಷೆ ಬಿಟ್ಟು ಕರ್ವ್ ನೋಡಿ

ಡಿಎಸ್‌ಸಿಯಲ್ಲಿ ಏನಾಗುತ್ತದೆಂದರೆ, ಗಡೋಲಿನಿಯಂ ಎಂಬ ಕಾಂಟ್ರಾಸ್ಟ್ ಮಿದುಳಿನ ಮೂಲಕ ಹಾದುಹೋಗುವಾಗ ಸಿಗ್ನಲ್ ಕುಸಿದು ಮತ್ತೆ ಏಳುತ್ತದೆ. ಆ ಏರಿಳಿತದ ಗೆರೆಯೇ ಕರ್ವ್. ಅಡಿಕೆ ತೋಟದ ಕಾದಿಗೆಗೆ ಮೇಲ್ಗಡೆಯಿಂದ ಒಂದು ಕೊಡ ಬಣ್ಣದ ನೀರು ಒಮ್ಮೆಗೇ ಸುರಿದರೆ, ಕೆಳಗೆ ನಿಂತವನಿಗೆ ಬಣ್ಣ ಬಂದ ಹೊತ್ತು, ಹೋದ ಹೊತ್ತು ಎರಡೂ ಖಚಿತವಾಗಿ ಕಾಣುತ್ತದೆ. ಅದೇ ಕೊಡವನ್ನು ಸಣ್ಣಗೆ ಬಗ್ಗಿಸಿದರೆ ಬಣ್ಣ ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಇಂಜೆಕ್ಷನ್ ಸರಿಯಾಗಿದೆಯೇ ಎಂದು ಕೇಳುವುದೂ ಇದನ್ನೇ.

ಲೆಕ್ಕ ಹೀಗೆ. 60 ಕಿಲೋ ತೂಕದವರಿಗೆ ಕಿಲೋಗೆ 0.1 ಮಿಲಿಮೋಲ್ ಅಂದರೆ 6 ಮಿಲಿಮೋಲ್. ಮಿಲಿಗೆ 0.5 ಮಿಲಿಮೋಲ್ ಇರುವ ಔಷಧಿಯಾದರೆ 12 ಮಿಲಿ, 1 ಮಿಲಿಮೋಲ್ ಇರುವ ಗಡೋಬ್ಯುಟ್ರಾಲ್ ಆದರೆ 6 ಮಿಲಿ. ಸೆಕೆಂಡಿಗೆ 5 ಮಿಲಿಯಂತೆ ಬಿಟ್ಟರೆ 12 ಮಿಲಿ 2.4 ಸೆಕೆಂಡಿನಲ್ಲಿ ಒಳಗೆ. ಹಿಂದೆಯೇ ಅದೇ ವೇಗದಲ್ಲಿ 20ರಿಂದ 30 ಮಿಲಿ ಸಲೈನ್. ಇದಕ್ಕೆ ಪವರ್ ಇಂಜೆಕ್ಟರ್ ಬೇಕು. 18ರ ಹಸಿರು ಅಥವಾ 20ರ ಗುಲಾಬಿ ಕ್ಯಾನುಲಾ ಬೇಕು. ವಾರ್ಡಿನಿಂದಲೇ 22ರ ನೀಲಿ ಕ್ಯಾನುಲಾ ಹಾಕಿಸಿಕೊಂಡು ಬಂದ ರೋಗಿಗೆ ಅದರಲ್ಲೇ ಕೈಯಿಂದ ಒತ್ತಿದರೆ ಆ 2.4 ಸೆಕೆಂಡು ಎಂಟು ಹತ್ತಾಗುತ್ತದೆ. ಆಗ ಯಾವ ಸಾಫ್ಟ್‌ವೇರ್ ತಂದರೂ ಎಂಟಿಟಿ (ರಕ್ತ ಹಾದುಹೋಗಲು ಹಿಡಿಯುವ ಸರಾಸರಿ ಹೊತ್ತಿನ) ನಕ್ಷೆ ಮಬ್ಬಾಗಿಯೇ ಬರುತ್ತದೆ. ಸಾಧ್ಯವಿದ್ದರೆ ಬಲಗೈ. ಎಡಗೈಯಿಂದ ಕೊಟ್ಟಾಗ ಕೆಲವರಲ್ಲಿ ಕಾಂಟ್ರಾಸ್ಟ್ ಕುತ್ತಿಗೆಯ ಅಭಿಧಮನಿಗೆ ಹಿಂದಕ್ಕೆ ಹೊಡೆಯುತ್ತದೆ.

ಈಗ ಪರದೆಯ ಮೇಲೆ ಗ್ರೇ ಮ್ಯಾಟರ್‌ನ (ಮಿದುಳಿನ ಬೂದು ಭಾಗದ) ಒಂದು ಬಿಂದು ಆರಿಸಿ ಕರ್ವ್ ತೆರೆಯಿರಿ. ಮೊದಲ ಮೂರ್ನಾಲ್ಕು ಬಿಂದು ಎತ್ತರದಲ್ಲಿರುವುದು ಸಹಜ, ಸಿಗ್ನಲ್ ಇನ್ನೂ ಸ್ಥಿರವಾಗಿಲ್ಲ. ಅವನ್ನು ಲೆಕ್ಕದಿಂದ ಬಿಡಬೇಕು. ಆಮೇಲೆ ಸಮತಟ್ಟು, ಆಮೇಲೆ ಒಂದು ಚೂಪಾದ ಗುಂಡಿ, ಆಮೇಲೆ ಎರಡನೇ ಸುತ್ತಿನ ಚಿಕ್ಕ ತಗ್ಗು. ಸಮತಟ್ಟು 800, ಗುಂಡಿಯ ತಳ 560, ಟಿಇ (ಸಿಗ್ನಲ್ ಹಿಡಿಯುವ ಮುನ್ನ ಯಂತ್ರ ಕಾಯುವ ಹೊತ್ತು) 40 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. 560ನ್ನು 800ರಿಂದ ಭಾಗಿಸಿ ಸಹಜ ಲಾಗ್ ತೆಗೆದು ಚಿಹ್ನೆ ಬದಲಿಸಿ 0.04ರಿಂದ ಭಾಗಿಸಿದರೆ ಸೆಕೆಂಡಿಗೆ 8.9 ಬರುತ್ತದೆ. ಸಾಫ್ಟ್‌ವೇರ್ ಆ ಬಿಂದುವಿಗೆ ತೋರಿಸುವ ಶಿಖರವೂ ಇಷ್ಟೇ ಇರಬೇಕು. ಕೈಲೆಕ್ಕಕ್ಕೆ ಎರಡು ನಿಮಿಷ ಸಾಕು, ಅರ್ಧ ದಿನದ ವಾದ ತಪ್ಪುತ್ತದೆ.

ಕರ್ವ್ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಚಿತ್ರಗಳ ಕ್ರಮ ತಪ್ಪಿದೆ. ಸಮಯಕ್ಕೆ ತಕ್ಕಂತೆ ಜೋಡಿಸಬೇಕಾದ್ದನ್ನು ಫೈಲಿನ ಹೆಸರಿಗೆ ತಕ್ಕಂತೆ ಜೋಡಿಸಿರುತ್ತದೆ. ಹೆಸರಿನ ಕ್ರಮದಲ್ಲಿ 10 ಎಂಬುದು 2ಕ್ಕಿಂತ ಮುಂಚೆ ಬರುತ್ತದಲ್ಲ, ಹಾಗೆ. ಗುಂಡಿಯ ನಂತರ ಸಿಗ್ನಲ್ ಮೊದಲಿನ ಮಟ್ಟಕ್ಕಿಂತ ಮೇಲೇರಿದರೆ ಅದು ಗಡ್ಡೆಯೊಳಗೆ ಕಾಂಟ್ರಾಸ್ಟ್ ಸೋರಿದ ಗುರುತು, ಸಿಗ್ನಲ್ ಏರಿಸುವ ಟಿ1 ಪರಿಣಾಮ. ಮಟ್ಟಕ್ಕೆ ಮರಳದೆ ಕೆಳಗೇ ಉಳಿದರೆ ಅದೂ ಸೋರಿಕೆಯೇ, ಆದರೆ ಸಿಗ್ನಲ್ ಇಳಿಸುವ ಟಿ2ಸ್ಟಾರ್ ಪರಿಣಾಮ. ಎರಡಕ್ಕೂ ಸೋರಿಕೆ ತಿದ್ದುಪಡಿ ಹಾಕದೆ ಗಡ್ಡೆಯ ಸಿಬಿವಿ (ಅಲ್ಲಿರುವ ರಕ್ತದ ಪ್ರಮಾಣ) ನಂಬುವ ಹಾಗಿಲ್ಲ. ಒಂದು ಸಾಫ್ಟ್‌ವೇರ್‌ನಲ್ಲಿ ತಿದ್ದುಪಡಿ ತಾನಾಗಿ ಚಾಲೂ, ಇನ್ನೊಂದರಲ್ಲಿ ಆಫ್ ಇದ್ದರೆ ಒಂದೇ ಗಡ್ಡೆ ಒಂದರಲ್ಲಿ ಉಗ್ರ, ಇನ್ನೊಂದರಲ್ಲಿ ಸೌಮ್ಯ ಎಂದು ಕಾಣಬಹುದು.

ಗಡಿಯಾರ ತಪ್ಪಿದಾಗ

ಬಹಳ ಜನ ಟಿಇ ತಪ್ಪಾಗಿದೆಯೇ ಎಂದು ಹುಡುಕುತ್ತಾರೆ. ನಿಜ ಹೇಳಬೇಕೆಂದರೆ ಟಿಇ ತಪ್ಪಿದರೂ ಸಿಬಿವಿ, ಸಿಬಿಎಫ್ (ರಕ್ತದ ಹರಿವಿನ) ನಕ್ಷೆ ಅಷ್ಟಾಗಿ ಕೆಡದು. ಅಪಧಮನಿಯ ಕರ್ವ್ ಮತ್ತು ಮಿದುಳಿನ ಕರ್ವ್ ಎರಡೂ ಒಂದೇ ಟಿಇಯಿಂದ ಭಾಗವಾಗಿರುವುದರಿಂದ ಒಂದನ್ನು ಇನ್ನೊಂದರಿಂದ ಭಾಗಿಸುವಾಗ ಅದು ಹೊಡೆದುಹೋಗುತ್ತದೆ. ಟಿಆರ್ ಹಾಗಲ್ಲ. ಒಂದು ಚಿತ್ರದಿಂದ ಇನ್ನೊಂದಕ್ಕಿರುವ ಅಂತರ 1.5 ಸೆಕೆಂಡು ಇದ್ದು ಸಾಫ್ಟ್‌ವೇರ್ 1.0 ಎಂದು ಹಿಡಿದರೆ 7.5 ಸೆಕೆಂಡಿನ ಟಿಮ್ಯಾಕ್ಸ್ (ರಕ್ತ ತಲುಪಲು ಆದ ತಡ) 5 ಆಗುತ್ತದೆ. 6 ಸೆಕೆಂಡಿನ ಮಿತಿ ಇಟ್ಟು ಎಣಿಸಿದರೆ ಆ ಜಾಗ ನಕ್ಷೆಯಿಂದಲೇ ಮಾಯ.

ಇದರ ಗುರುತು ಸುಲಭ: ಸಿಬಿವಿ ಎರಡೂ ಸಾಫ್ಟ್‌ವೇರ್‌ನಲ್ಲಿ ಒಂದೇ, ಎಂಟಿಟಿ ಇಡೀ ಮಿದುಳಿನಲ್ಲಿ ಒಂದೇ ಪ್ರಮಾಣದಲ್ಲಿ ಕಡಿಮೆ, ಸಿಬಿಎಫ್ ಅದೇ ಪ್ರಮಾಣದಲ್ಲಿ ಜಾಸ್ತಿ. ಹೀಗಿದ್ದರೆ ಬೇರೇನೂ ಹುಡುಕಬೇಡಿ, ಟಿಆರ್ ನೋಡಿ. ಮೊದಲ ಮತ್ತು ಕೊನೆಯ ಚಿತ್ರದ ಹೊತ್ತಿನ ವ್ಯತ್ಯಾಸ 88.5 ಸೆಕೆಂಡು, ಚಿತ್ರ 60. ನಡುವಿನ ಅಂತರಗಳು 59. ಭಾಗಿಸಿದರೆ 1.5. ಹೆಡರ್‌ನಲ್ಲಿರುವ ಟಿಆರ್ ಇದೇ ಆಗಿರಬೇಕೆಂದೇನಿಲ್ಲ. ಪ್ರೆಸ್ಟೋ ಥರದ 3ಡಿ ವಿಧಾನದಲ್ಲಿ ಟಿಆರ್ ಕೆಲವೇ ಮಿಲಿಸೆಕೆಂಡು ಇರುತ್ತದೆ, ಒಂದು ಪೂರ್ತಿ ಚಿತ್ರಕ್ಕೆ ಹಿಡಿಯುವ ಹೊತ್ತು ಬೇರೆ. ಹೆಡರ್ ಖಾಲಿ ಇದ್ದಾಗ ಕೇಳದೆ 1.0 ತುಂಬಿಕೊಳ್ಳುವ ಸಾಫ್ಟ್‌ವೇರ್ ಇದ್ದರೆ ಅದರ ಸೆಟ್ಟಿಂಗ್ ಬದಲಿಸಿ. ಬದಲಿಸಲು ಬಿಡದಿದ್ದರೆ ಸಾಫ್ಟ್‌ವೇರನ್ನೇ ಬದಲಿಸಿ.

ಅಪಧಮನಿ ಯಾವುದು ಆಯ್ತು?

ಎಐಎಫ್ ಎಂದರೆ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ತೆಗೆದ ಕರ್ವ್. ಬೇಗ ಬರಬೇಕು, ಕಿರಿದಾಗಿರಬೇಕು, ಎತ್ತರವಾಗಿರಬೇಕು. ಸಾಮಾನ್ಯವಾಗಿ ಸರಿಯಿರುವ ಪಕ್ಕದ ಮಿಡ್ಲ್ ಸೆರೆಬ್ರಲ್ ಅಪಧಮನಿಯ ಪಕ್ಕದಲ್ಲಿ ಆರಿಸುತ್ತಾರೆ. ತಾನಾಗಿ ಆರಿಸುವ ಸಾಫ್ಟ್‌ವೇರ್ ಎಲ್ಲಿ ಆರಿಸಿತು ಎಂಬುದನ್ನು ಚುಕ್ಕಿ ಹಾಕಿ ತೋರಿಸಲೇಬೇಕು.

ಶಿಖರ ಚೂಪಾಗಿರದೆ ಕತ್ತರಿಸಿದಂತೆ ಚಪ್ಪಟೆ ಇದ್ದರೆ ಸಿಗ್ನಲ್ ತಳ ಮುಟ್ಟಿದೆ, ನಿಜವಾದ ಎತ್ತರ ಗೊತ್ತಾಗುವುದಿಲ್ಲ. ಸಿಬಿವಿ, ಸಿಬಿಎಫ್ ಎರಡೂ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಬರುತ್ತವೆ. ಅಪಧಮನಿಯ ಜೊತೆ ಪಕ್ಕದ ಅಂಗಾಂಶವೂ ಅದೇ ಬಿಂದುವಿನಲ್ಲಿ ಬೆರೆತಿದ್ದರೂ ಫಲಿತಾಂಶ ಸಾಮಾನ್ಯವಾಗಿ ಅದೇ.

ರೋಗವಿರುವ ಪಕ್ಕದಲ್ಲೇ ಎಐಎಫ್ ಆರಿಸಿದರೆ ಇನ್ನೊಂದು ಮೋಜು. ಅದು ತಡವಾಗಿ ಬಂದಿರುತ್ತದೆ, ಆರೋಗ್ಯವಾದ ಪಕ್ಕದ ಮಿದುಳು ಅದಕ್ಕಿಂತ ಮೊದಲೇ ತುಂಬಿರುತ್ತದೆ. ಅಪಧಮನಿಗಿಂತ ಮುಂಚೆ ಮಿದುಳು ಎಂಬುದು ಆಗದ ಮಾತು. ವೃತ್ತಾಕಾರದ ಡಿಕನ್ವಲ್ಯೂಷನ್ (ಮಿದುಳಿನ ಕರ್ವ್‌ನಿಂದ ಅಪಧಮನಿಯ ಪಾಲು ಬೇರ್ಪಡಿಸುವ ಲೆಕ್ಕ) ಮಾಡುವ ಸಾಫ್ಟ್‌ವೇರ್ ಈ ಋಣ ಸಮಯವನ್ನು ಸುತ್ತುಹಾಕಿ ಕೊನೆಗೆ ತಂದಿಡುತ್ತದೆ. ಹಾಗಾಗಿ ಸರಿಯಿರುವ ಪಕ್ಕವೇ ಭಾರೀ ಟಿಮ್ಯಾಕ್ಸ್ ತೋರಿಸುತ್ತದೆ. ರೋಗಿಗೆ ಬಲಗೈ ಸೋತಿದ್ದು ನಕ್ಷೆ ಬಲ ಮಿದುಳನ್ನು ಕೆಂಪು ಮಾಡಿದ್ದರೆ ಮೊದಲು ಎಡ–ಬಲ ಅದಲುಬದಲಾಗಿಲ್ಲವೆಂದು ನೋಡಿ, ಆಮೇಲೆ ಎಐಎಫ್ ಚುಕ್ಕಿ ನೋಡಿ.

ಇಷ್ಟೆಲ್ಲ ಸರಿಯಿದ್ದೂ ನಕ್ಷೆ ಹೊಂದದಿದ್ದರೆ ಆಗ ಲೆಕ್ಕದ ವಿಧಾನಕ್ಕೆ ಬನ್ನಿ. ಡಿಕನ್ವಲ್ಯೂಷನ್ ಮಾಡುವ ಗಣಿತವೇ ಎಸ್‌ವಿಡಿ. ಅದರ ಹಳೆಯ ಮಾದರಿ, ರಕ್ತ ತಡವಾಗಿ ಬಂದದ್ದನ್ನೇ ಹರಿವು ಕಡಿಮೆ ಎಂದು ಓದುತ್ತದೆ. ಕತ್ತಿನ ಕ್ಯಾರೊಟಿಡ್ ಕಿರಿದಾಗಿರುವ ವಯಸ್ಸಾದವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬ್ಲಾಕ್ ಸರ್ಕ್ಯುಲಂಟ್ ಎಸ್‌ವಿಡಿಗೆ ಆ ದೋಷ ಕಡಿಮೆ. ಎರಡು ಸಾಫ್ಟ್‌ವೇರ್ ಎರಡು ವಿಧಾನ ಬಳಸಿದರೆ ಎರಡು ಉತ್ತರ ಬರುವುದು ತಪ್ಪೇ ಅಲ್ಲ. ಡಿಫ್ಯೂಸ್ 3 ಅಧ್ಯಯನ 2018ರಲ್ಲಿ ಪ್ರಕಟವಾಯಿತು, ಸ್ಟ್ರೋಕ್ ಆಗಿ 6ರಿಂದ 16 ಗಂಟೆಯೊಳಗಿನವರ ಮೇಲೆ. ಅದರಲ್ಲಿ ಟಿಮ್ಯಾಕ್ಸ್ 6 ಸೆಕೆಂಡು ಮೀರಿದ ಜಾಗ, ಸತ್ತ ಭಾಗ 70 ಮಿಲಿಗಿಂತ ಕಡಿಮೆ, ಆ ಎರಡರ ಅನುಪಾತ 1.8ಕ್ಕೆ ಕಡಿಮೆ ಇಲ್ಲದಂತೆ ಎಂಬ ಮಿತಿಗಳಿದ್ದವು. ಆ 6 ಸೆಕೆಂಡು ರ‍್ಯಾಪಿಡ್ ಎಂಬ ಒಂದು ಸಾಫ್ಟ್‌ವೇರ್‌ನ ಲೆಕ್ಕದ ಜೊತೆ ಬಂದ ಸಂಖ್ಯೆ. ಬೇರೊಂದರ ಟಿಮ್ಯಾಕ್ಸ್ ಮೇಲೆ ಅದನ್ನೇ ಕಣ್ಣುಮುಚ್ಚಿ ಹೇರಬಾರದು.

ಎಎಸ್‌ಎಲ್: ಎಲ್ಲ ಸಂಖ್ಯೆ ಒಂದು ಸೂತ್ರದಲ್ಲಿ

ಕಾಂಟ್ರಾಸ್ಟ್ ಇಲ್ಲದೆ, ಕತ್ತಿನಲ್ಲಿ ರಕ್ತಕ್ಕೇ ಗುರುತು ಹಾಕಿ ಅಳೆಯುವ ವಿಧಾನ ಇದು. ಕಿಡ್ನಿ ಸೋತವರಿಗೆ ಅನುಕೂಲ. ಆದರೆ ಸಿಗುವ ವ್ಯತ್ಯಾಸ ಮೂಲ ಸಿಗ್ನಲ್‌ನ ಶೇಕಡಾ ಒಂದರೊಳಗೆ. ಹಾಗಾಗಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

2015ರ ಒಮ್ಮತದ ಸೂತ್ರದ ಲೆಕ್ಕ ಹೀಗಿದೆ. 3 ಟೆಸ್ಲಾ, ಪಿಕ್ಯಾಸ್ಲ್ (ಎಎಸ್‌ಎಲ್‌ನ ಒಂದು ಬಗೆ), ಗುರುತು ಹಾಕುವ ಅವಧಿ 1.8 ಸೆಕೆಂಡು, ಪಿಎಲ್‌ಡಿ (ಗುರುತು ಹಾಕಿದ ಮೇಲೆ ಚಿತ್ರ ತೆಗೆಯುವ ಮುನ್ನ ಕಾಯುವ ಹೊತ್ತು) 1.8 ಸೆಕೆಂಡು, ರಕ್ತದ ಟಿ1 (ಗುರುತು ಮಾಸುವ ಹೊತ್ತಿನ ಅಳತೆ) 1.65 ಸೆಕೆಂಡು, ಗುರುತು ಹಾಕುವ ದಕ್ಷತೆ 0.85, ಲ್ಯಾಂಬ್ಡಾ (ಮಿದುಳು, ರಕ್ತದ ನಡುವೆ ನೀರಿನ ಹಂಚಿಕೆ) 0.9. ಇವೆಲ್ಲ ಸೇರಿದರೆ ಗುಣಕ ಸುಮಾರು 8,630. ಗುರುತು ಹಾಕಿದ (ಲೇಬಲ್) ಮತ್ತು ಹಾಕದ (ಕಂಟ್ರೋಲ್) ಚಿತ್ರಗಳ ವ್ಯತ್ಯಾಸವನ್ನು ಎಂ0ಯಿಂದ (ಮೂಲ ಸಿಗ್ನಲ್‌ನಿಂದ) ಭಾಗಿಸಿದಾಗ 0.007 ಬಂದರೆ ಹರಿವು 100 ಗ್ರಾಂಗೆ ನಿಮಿಷಕ್ಕೆ 60 ಮಿಲಿ. ವಯಸ್ಕರ ಗ್ರೇ ಮ್ಯಾಟರ್‌ನಲ್ಲಿ 40ರಿಂದ 100ರೊಳಗೆ ಇರುವುದು ಸಹಜ. ಈ ಲೆಕ್ಕ ಕೈಯಲ್ಲಿದ್ದರೆ ಯಾವ ತಪ್ಪು ಎಷ್ಟು ಕೆಡಿಸುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ.

60 ಇರಬೇಕಾದಲ್ಲಿ 20 ಬಂತೇ? ಎಫ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನ ಆಕ್ಸ್‌ಫರ್ಡ್ ಎಎಸ್‌ಎಲ್‌ನಲ್ಲಿ ಟಿಐ (ಗುರುತು ಶುರುವಾದಾಗಿನಿಂದ ಚಿತ್ರದವರೆಗಿನ ಹೊತ್ತು) ಕೇಳುವ ಜಾಗಕ್ಕೆ ಪಿಎಲ್‌ಡಿ ತುಂಬಿದ್ದೀರಿ. ಅಲ್ಲಿ ಬೇಕಿರುವುದು ಗುರುತಿನ ಅವಧಿ, ಪಿಎಲ್‌ಡಿ ಎರಡೂ ಕೂಡಿಸಿದ 3.6. ಬರೀ 1.8 ಕೊಟ್ಟರೆ ಪಿಎಲ್‌ಡಿ ಸೊನ್ನೆ ಎಂದು ಹಿಡಿದು, ಸರಳ ಸೂತ್ರದಲ್ಲಿ ಉತ್ತರ ಮೂರನೇ ಒಂದಕ್ಕೆ ಇಳಿಯುತ್ತದೆ. ಎಲ್ಲವೂ ಸುಮಾರು ಮೂವತ್ತು ಪ್ರತಿಶತ ಕಡಿಮೆ ಬಂದರೆ ಯಂತ್ರ 1.5 ಟೆಸ್ಲಾದ್ದೇ ಎಂದು ನೋಡಿ: ಅಲ್ಲಿ ರಕ್ತದ ಟಿ1 1.35 ಹಾಕಬೇಕು, 1.65 ಹಾಗೇ ಬಿಟ್ಟರೆ ಶೇಕಡಾ 29 ಕಡಿಮೆ ಬರುತ್ತದೆ. ಎಲ್ಲವೂ ನಾಲ್ಕನೇ ಒಂದು ಪಾಲು ಜಾಸ್ತಿ ಇದ್ದರೆ ಎಂ0 ಚಿತ್ರದ ಟಿಆರ್ ನೋಡಿ. 2 ಸೆಕೆಂಡಿನ ಟಿಆರ್‌ನಲ್ಲಿ ಗ್ರೇ ಮ್ಯಾಟರ್ ಪೂರ್ತಿ ಚೇತರಿಸಿಕೊಂಡಿರುವುದಿಲ್ಲ, ತಿದ್ದದೆ ಬಳಸಿದರೆ ಹರಿವು ಶೇಕಡಾ 27 ಹೆಚ್ಚು ಕಾಣುತ್ತದೆ. ನಕ್ಷೆಯೆಲ್ಲ ಋಣಸಂಖ್ಯೆಯಾದರೆ, ಕೆಲವು ಸಾಫ್ಟ್‌ವೇರ್‌ನಲ್ಲಿ ಸೊನ್ನೆಗೆ ಕತ್ತರಿಸಿ ಪೂರಾ ಕಪ್ಪಾದರೆ, ಲೇಬಲ್ ಮತ್ತು ಕಂಟ್ರೋಲ್ ಚಿತ್ರಗಳ ಕ್ರಮ ತಿರುವುಮುರುವು.

ತಳದ ಸ್ಲೈಸ್ ಸರಿಯಿದ್ದು ಮೇಲೆ ಹೋದಂತೆ ಮಸುಕಾಗುತ್ತ ಹೋದರೆ ಸ್ಲೈಸ್‌ಗಳನ್ನು ಒಂದೊಂದಾಗಿ ತೆಗೆಯುವ 2ಡಿ ಓದುವಿಕೆಯ ತಡವನ್ನು ಸಾಫ್ಟ್‌ವೇರ್‌ಗೆ ಕೊಟ್ಟಿಲ್ಲ. ಸ್ಲೈಸ್‌ಗೆ 40 ಮಿಲಿಸೆಕೆಂಡಿನಂತೆ 20 ಸ್ಲೈಸ್ ಇದ್ದರೆ ಕೊನೆಯದು 0.76 ಸೆಕೆಂಡು ತಡ. ಅಷ್ಟರಲ್ಲಿ ಗುರುತು ಮಾಸಿ ಮೇಲಿನ ಸ್ಲೈಸ್ ಶೇಕಡಾ 37 ಕಡಿಮೆ ತೋರಿಸುತ್ತದೆ.

ಇನ್ನು ಸಾಫ್ಟ್‌ವೇರ್‌ಗೆ ಸಂಬಂಧವೇ ಇಲ್ಲದವು. ಒಂದು ಅಪಧಮನಿಯ ಇಡೀ ಪ್ರದೇಶ ಕಪ್ಪು, ಆದರೆ ಎಂಆರ್‌ಎ (ರಕ್ತನಾಳದ ಎಂಆರ್‌ಐ) ಚೆನ್ನಾಗಿದೆ ಎಂದರೆ ಗುರುತು ಹಾಕುವ ಪಟ್ಟಿ ಹಲ್ಲಿನ ಲೋಹದ ಹತ್ತಿರವೋ ಸುತ್ತಿ ತಿರುಗಿದ ರಕ್ತನಾಳದ ಮೇಲೋ ಬಿದ್ದಿದೆ. ಒಂದೆರಡು ಸೆಂಟಿಮೀಟರ್ ಸರಿಸಿ ಮತ್ತೆ ತೆಗೆಯಬೇಕು. ಹರಿವು ಕಡಿಮೆ, ಜೊತೆಗೆ ಹಾವಿನಂತೆ ಹೊಳೆಯುವ ನಾಳಗಳು ಕಂಡರೆ ರಕ್ತ ಇನ್ನೂ ದಾರಿಯಲ್ಲಿದೆ. ರೋಗಿಗಳಿಗೆ ಪಿಎಲ್‌ಡಿ 2.0 ಸೆಕೆಂಡು ಇಡಬೇಕೆನ್ನುವುದು ಅದಕ್ಕೇ. ಮಿದುಳಿನ ಅಂಚಿನ ಸುತ್ತ ಬೆಳಕಿನ ಬಳೆ ಕಂಡರೆ ತಲೆ ಅಲ್ಲಾಡಿದೆ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮಲಗಿ ಎಂಜಲು ನುಂಗುತ್ತಿದ್ದರೆ ಹೀಗೇ ಆಗುವುದು, ಬಾಯಿ ತೊಳೆಸಿಯೇ ಒಳಗೆ ಕಳಿಸಿ. ಮಲೆನಾಡಿನಲ್ಲಿ ಮರೆಯಲೇಬಾರದ್ದು ಕಾಫಿ. ಕೆಫೀನ್ ಮಿದುಳಿನ ಹರಿವನ್ನು ಐದನೇ ಒಂದು ಪಾಲಿಗೂ ಹೆಚ್ಚು ಇಳಿಸಬಲ್ಲದು. ಒಂದು ಸಲ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು, ಮುಂದಿನ ಸಲ ಖಾಲಿ ಹೊಟ್ಟೆಯಲ್ಲಿ ಬಂದರೆ, ಚಿಕಿತ್ಸೆಯಿಂದ ಹರಿವು ಸುಧಾರಿಸಿತೆಂದು ಯಾರಾದರೂ ಬರೆದುಬಿಡಬಹುದು. ರಕ್ತಹೀನತೆ ಇದ್ದವರಲ್ಲಿ ಹರಿವು ನಿಜಕ್ಕೂ ಹೆಚ್ಚಿರುತ್ತದೆ, ರಕ್ತದ ಟಿ1 ಕೂಡ ಉದ್ದವಾಗಿರುತ್ತದೆ. ಹಿಮೋಗ್ಲೋಬಿನ್ ಕೇಳದೆ 90 ಬಂತೆಂದು ಸಾಫ್ಟ್‌ವೇರ್ ಬೈಯಬೇಡಿ.

ಈಗ ಆಯ್ಕೆ

ಚಿಕಿತ್ಸೆಯ ತೀರ್ಮಾನಕ್ಕೆ ಬಳಸುವುದಾದರೆ ಪರವಾನಗಿ ಇರುವ ಸಾಫ್ಟ್‌ವೇರೇ ಬೇಕು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣದ ವ್ಯಾಖ್ಯೆಯೊಳಗೆ ಸಾಫ್ಟ್‌ವೇರ್ ಕೂಡ ಬರುತ್ತದೆ. ಉಚಿತವಾಗಿ ಸಿಗುವವು ಸಂಶೋಧನೆಗೆ, ಮತ್ತು ಈ ರೀತಿ ತಪ್ಪು ಹುಡುಕಲು ಅತ್ಯುತ್ತಮ.

ಎಎಸ್‌ಎಲ್‌ಗೆ ಎಫ್‌ಎಸ್‌ಎಲ್‌ನ ಬ್ಯಾಸಿಲ್ ಗಟ್ಟಿ ಆಯ್ಕೆ. ಹಲವು ಪಿಎಲ್‌ಡಿ ಇದ್ದರೆ ರಕ್ತ ಬರುವ ಹೊತ್ತನ್ನೂ ಅಂದಾಜಿಸುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್) ಹಾಕಿಕೊಂಡು ನಡೆಸಬೇಕು. ವಾಣಿಜ್ಯ ಬಳಕೆಗೆ ಬೇರೆ ಪರವಾನಗಿ ಬೇಕು, ಖಾಸಗಿ ಸೆಂಟರ್‌ಗಳು ಇದನ್ನು ಓದದೆ ಇನ್‌ಸ್ಟಾಲ್ ಮಾಡಿಕೊಳ್ಳುತ್ತವೆ. ಕಮಾಂಡ್ ಟೈಪ್ ಮಾಡಲು ಒಲ್ಲದವರಿಗೆ ಕ್ವಾಂಟಿಫೈಸ್ ಇದೆ, ಬಿಂದು ಒತ್ತಿದರೆ ಕರ್ವ್ ತೆರೆಯುತ್ತದೆ. ನೂರಾರು ಜನರ ಡೇಟಾ ಒಂದೇ ರೀತಿ ಓಡಿಸಬೇಕೆಂದರೆ ಎಕ್ಸ್‌ಪ್ಲೋರ್‌ಎಎಸ್‌ಎಲ್. ಅದು ಮ್ಯಾಟ್‌ಲ್ಯಾಬ್ ಮತ್ತು ಎಸ್‌ಪಿಎಂ ಮೇಲೆ ನಿಂತಿದೆ, ಮ್ಯಾಟ್‌ಲ್ಯಾಬ್ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಬರೀ ಚಿತ್ರ ತೆರೆದು ಹೆಡರ್ ನೋಡಲು 3ಡಿ ಸ್ಲೈಸರ್ ಸಾಕು.

ಕೊಳ್ಳುವ ಮುಂಚೆ ಡೆಮೊ ಕೊಡಲು ಬಂದವರ ಡೇಟಾ ಬೇಡ, ನಿಮ್ಮ ಯಂತ್ರದ್ದೇ ಕೊಡಿ. ಒಂದು ಒಳ್ಳೆಯದು, ಒಂದು ತಲೆ ಅಲ್ಲಾಡಿದ್ದು, ಒಂದು ಕೆಟ್ಟ ಇಂಜೆಕ್ಷನ್‌ನದು. ನಾಲ್ಕನೆಯದಾಗಿ ಎಎಸ್‌ಎಲ್‌ಡಿಆರ್‌ಒ ಎಂಬ ಸಾಧನದಿಂದ ಮಾಡಿದ ಕೃತಕ ಮಿದುಳು: ನೀವೇ 60 ತುಂಬಿದ್ದೀರಿ, 60 ವಾಪಸ್ ಬರಬೇಕು. ಆಮೇಲೆ ಕೇಳಿ: ಎಐಎಫ್ ಎಲ್ಲಿ ಆರಿಸಿತು, ಟಿಆರ್ ಎಲ್ಲಿಂದ ಓದಿತು, ಸೋರಿಕೆ ತಿದ್ದುಪಡಿ ಚಾಲೂ ಇದೆಯೇ, ಯಾವ ಎಸ್‌ವಿಡಿ, ನಕ್ಷೆಯನ್ನು ಬಣ್ಣವಾಗಿಯಲ್ಲದೆ ಸಂಖ್ಯೆಯಾಗಿ ಹೊರಗೆ ಕೊಡುತ್ತದೆಯೇ. ಎಲ್ಲ ಅವರ ಸರ್ವರ್‌ನಲ್ಲಿ ಆಗುತ್ತದೆ ಎಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮೂರಿನ ನೆಟ್ ಹೇಗಿರುತ್ತದೆಂದು ನೆನಪಿಸಿಕೊಳ್ಳಿ. ಸೆಂಟರ್‌ನ ಕಂಪ್ಯೂಟರ್‌ನಲ್ಲೇ ನಡೆಯುವಂಥದ್ದು, ಯುಪಿಎಸ್ ಇರುವ ಟೇಬಲ್ ಮೇಲೆ, ಮಲೆನಾಡಿಗೆ ಹೆಚ್ಚು ಹೊಂದುತ್ತದೆ.

ರೋಗಿಯನ್ನು ಬೇರೆ ಊರಿಗೆ ಕಳಿಸುವಾಗ ಕಚ್ಚಾ ಸಿರೀಸ್ ಜೊತೆ ಒಂದು ಚೀಟಿ ಇಡಿ: ಟೆಸ್ಲಾ ಎಷ್ಟು, ಚಿತ್ರ ಎಷ್ಟು, ಎರಡು ಚಿತ್ರದ ನಡುವಿನ ಅಂತರ, ಟಿಇ, ಔಷಧಿ ಎಷ್ಟು ಮಿಲಿ ಎಷ್ಟು ವೇಗ, ಯಾವ ಕೈ. ಎಎಸ್‌ಎಲ್ ಆದರೆ ಗುರುತಿನ ಅವಧಿ, ಪಿಎಲ್‌ಡಿ, 2ಡಿಯೋ 3ಡಿಯೋ, ಎಂ0ಯ ಟಿಆರ್, ಲೇಬಲ್ ಮೊದಲೋ ಕಂಟ್ರೋಲ್ ಮೊದಲೋ, ಮತ್ತು ಕೊನೆಯ ಕಾಫಿ ಕುಡಿದದ್ದು ಎಷ್ಟು ಗಂಟೆಗೆ.